ಎದುರು ಮನೆಯ ತಂಪು

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನಮ್ಮ ಎದುರು ಬಾಗಿಲಿನಲ್ಲೇ ಇದ್ದಾನೆ. ಗಲ್ಫಿನಲ್ಲಿ, ಅಲ್ ನಹ್ದಾದ ಈ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಕಾರಿಡಾರ್ ಮಾತ್ರ. ಯಾರ ಮನೆಯಲ್ಲಿ ಮೀನು ಹುರಿದರೂ ಸ್ವಲ್ಪ ಹೊತ್ತಿನಲ್ಲಿ ಒಂದು ತಟ್ಟೆ ಆಚೆಗೋ ಈಚೆಗೋ ದಾಟುತ್ತದೆ. ಅಷ್ಟು ಹತ್ತಿರ ಇರುವವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ದೂರದವನಾದರೆ ಆಗಾಗ ಮರೆತಾದರೂ ಹೋಗುತ್ತದೆ.

ಅವನು ಮಂಗಳೂರಿನಲ್ಲಿ ಡಿಗ್ರಿ ಮಾಡಿ ಬಂದವನು. ಒಂದು ಆಸ್ಪತ್ರೆಯ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಹಾಕಿದ ಅಂಗಿ ಸಂಜೆಗೂ ಇಸ್ತ್ರಿ ಬಿಟ್ಟಿರುವುದಿಲ್ಲ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ಇವತ್ತು ರಾಸ್ ಅಲ್ ಖೋರ್‌ನಲ್ಲಿ ಕಾರಿನ ಎಸಿ ರಿಪೇರಿ ಮಾಡುವ ನನ್ನದೇ ಶೆಡ್ ಇದೆ. ಜುಲೈ ಬಿಸಿಲಿನಲ್ಲಿ ಬಾನೆಟ್ ಎತ್ತಿ, ಕೆಂಡದಂಥ ಕಬ್ಬಿಣದ ಮೇಲೆ ಬಗ್ಗಿ, ಬೇರೆಯವರ ಕಾರನ್ನು ತಂಪು ಮಾಡಿ ಕಳಿಸುತ್ತೇನೆ. ಈ ಕೆಲಸದಲ್ಲಿ ನನಗೆ ನಾಚಿಕೆ ಇಲ್ಲ. ಆದರೆ ನನ್ನ ಮಗಳು ಹೋಮ್‌ವರ್ಕಿನ ಪುಸ್ತಕ ಹಿಡಿದು ನನ್ನ ಮುಂದೆಯೇ ಹಾದು ಎದುರು ಮನೆಗೆ ಹೋಗುವಾಗ ಟಿವಿಯ ಸದ್ದು ಸ್ವಲ್ಪ ಜೋರು ಮಾಡುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವನಿಗಿಂತ ಮುಂದೆ ಇದ್ದೆ. ಅದು ನಮ್ಮ ಅತ್ತೆ. ನಾವು ಮಾಮಿ ಎಂದು ಕರೆಯುತ್ತೇವೆ. ಓದದ ಹುಡುಗನಿಗೆ ಮಗಳನ್ನು ಕೊಡುತ್ತೀರಾ ಎಂದು ಊರವರು ಕೇಳಿದಾಗ, “ಅವನ ಕೈಯಲ್ಲಿ ಕೆಲಸ ಉಂಟಲ್ಲ, ಮತ್ತೆಂತ ಬೇಕು?” ಎಂದು ಬಾಯಿ ಮುಚ್ಚಿಸಿದವರು ಅವರು. ನನ್ನನ್ನು ಅವರು ಕರೆಯುವುದು ‘ಮೋನೇ’ ಎಂದು. ನಮ್ಮ ಬ್ಯಾರಿ ಮನೆಗಳಲ್ಲಿ ತಾಯಿ ಮಗನನ್ನು ಕರೆಯುವುದು ಹಾಗೆ. ಷಡ್ಡಕನಿಗೆ ಅವರು ‘ನೀವು’, ‘ಬನ್ನಿ’, ‘ಕೂತುಕೊಳ್ಳಿ’ ಎಂದೇ ಹೇಳುತ್ತಿದ್ದರು. ಆ ಮರ್ಯಾದೆ ಅವನಿಗೆ ಇರಲಿ, ಮೋನೇ ನನಗೆ ಇರಲಿ ಎಂದು ನಾನು ನೆಮ್ಮದಿಯಾಗಿದ್ದೆ.

ಈ ಎರಡು ಮನೆಗಳನ್ನು ನಾವು ಒಟ್ಟಿಗೇ ಬಾಡಿಗೆಗೆ ಹಿಡಿದಾಗ ಮಾಮಿ ವಿಸಿಟ್ ವೀಸಾದಲ್ಲಿ ಇಲ್ಲಿಯೇ ಇದ್ದರು. ಕರಾರಿನ ಪ್ರಕಾರ ನನಗೆ ನಾನೂರ ಎಂಟನೇ ನಂಬರಿನ ಮನೆ, ಅವನಿಗೆ ನಾನೂರ ಏಳು. ಸಾಮಾನು ತರುವ ದಿನ ಮಾಮಿ ಎರಡೂ ಅಡುಗೆಮನೆಗಳಲ್ಲಿ ಒಂದು ಸುತ್ತು ಹಾಕಿ ಬಂದು ಏಳರ ಬಾಗಿಲಲ್ಲಿ ನಿಂತರು. “ಇದರಲ್ಲಿ ದೊಡ್ಡ ಕಿಟಕಿ ಉಂಟು. ಇದು ದೊಡ್ಡವಳಿಗೆ. ಚಾವಿ ಬದಲು ಮಾಡಿ,” ಎಂದರು. ಬಾಡಿಗೆ ಒಂದೇ, ಕೋಣೆಗಳೂ ಅಷ್ಟೇ. ನಿಂತ ನಿಲುವಿನಲ್ಲೇ ಚಾವಿ ಬದಲಾಯಿತು. ಹೀಗೆ ಏಳು ನನ್ನ ಮನೆಯಾಯಿತು. ಆಫೀಸಿಗೆ ಹೋಗಿ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮನೆಯೊಳಗಿನ ವಿಷಯಕ್ಕೆ ಆಫೀಸು ಯಾಕೆ? ಅವನಿಗೆ ಬರಬೇಕಾದ ಕಿಟಕಿ ನನಗೆ ಬಂತು ಎಂಬ ಖುಷಿಯಲ್ಲೇ ನಾನು ವರ್ಷಗಳನ್ನು ಕಳೆದೆ.

ನಮ್ಮ ಕಟ್ಟಡದಲ್ಲಿ ಮನೆ ಮನೆಗೆ ಬೇರೆ ಎಸಿ ಮಷೀನು ಇಲ್ಲ. ಪೈಪಿನಲ್ಲಿ ಬರುವ ತಣ್ಣೀರಿನಿಂದಲೇ ಮನೆ ತಂಪಾಗಬೇಕು. ಇದಕ್ಕೆ ಇಲ್ಲಿ ಚಿಲ್ಲರ್ ಎನ್ನುತ್ತಾರೆ. ಯಾವ ಮನೆ ಎಷ್ಟು ತಂಪು ಎಳೆದುಕೊಂಡಿತು ಎಂದು ಅಳೆಯುವ ಮೀಟರುಗಳು ಕಾರಿಡಾರಿನ ಗೋಡೆಯೊಳಗೆ ಒಂದು ಬೀಗದ ಬಾಗಿಲಿನ ಹಿಂದೆ ಇವೆ. ಮೊದಲಿನ ಕಂಪೆನಿಯ ಬಿಲ್ಲನ್ನು ವಾಚ್‌ಮನ್ ನಂಬರು ನೋಡಿ ಬಾಗಿಲಡಿ ತಳ್ಳುತ್ತಿದ್ದ. ಬಾಗಿಲಡಿ ಬಂದದ್ದನ್ನು ನಾವು ಕಟ್ಟುತ್ತಿದ್ದೆವು. ಬಿಲ್ಲಿನ ತಲೆಯ ಮೇಲೆ ಯಾರ ಹೆಸರಿದೆ ಎಂದು ಯಾರು ನೋಡುತ್ತಾರೆ?

ಕಳೆದ ಬೇಸಿಗೆಗೆ ಸ್ವಲ್ಪ ಮೊದಲು ಮಾಲೀಕ ಆ ಕಂಪೆನಿಯನ್ನು ಬಿಟ್ಟು ಬೇರೆ ಕಂಪೆನಿಗೆ ಚಿಲ್ಲರ್ ಕೊಟ್ಟ. ಎಲ್ಲರೂ ಫೋನಿನಲ್ಲಿ ಹೊಸದಾಗಿ ಖಾತೆ ತೆರೆಯಬೇಕು, ಬಾಡಿಗೆ ಕರಾರನ್ನು ಹಾಕಬೇಕು ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿದರು. ನನ್ನದನ್ನು ಮಗಳು ಮಾಡಿಕೊಟ್ಟಳು. “ಡನ್ ಬಾಪಾ,” ಎಂದು ಫೋನು ವಾಪಸು ಕೊಟ್ಟಳು.

ಮೊದಲ ತಿಂಗಳ ಬಿಲ್ಲು ಫೋನಿಗೆ ಬಂದಾಗ ನಾನು ಶೆಡ್ಡಿನಲ್ಲಿದ್ದೆ. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಹಿಂದಿನದಕ್ಕಿಂತ ಬಹಳ ಹೆಚ್ಚು. ಸಂಜೆ ಷಡ್ಡಕನನ್ನು ಕೇಳಿದೆ.

“ನಮ್ಮದು ಕಡಿಮೆ ಬಂದಿದೆ ಭಾವ,” ಎಂದ. “ಹಗಲೂ ರಾತ್ರಿ ಹಾಕಿಯೇ ಇಡುತ್ತೇವೆ. ಹೊಸ ಕಂಪೆನಿ ಒಳ್ಳೆಯದು ಕಾಣ್ತದೆ.”

“ನಮಗೆ ಮಾತ್ರ ಯಾಕೆ ಹೀಗೆ?” ಎಂದಳು ನನ್ನ ಹೆಂಡತಿ.

“ಒಮ್ಮೆ ಸರ್ವಿಸ್ ಮಾಡಿಸಿ ಭಾವ. ಫಿಲ್ಟರು ಕಟ್ಟಿರಬಹುದು.”

ಎಸಿಯ ಫಿಲ್ಟರಿನ ವಿಷಯ ನನಗೆ ಹೇಳಿಕೊಡಲು ಬಂದ! ಹೆಂಡತಿ ನಗು ತಡೆದುಕೊಂಡದ್ದೂ ಕಾಣಿಸಿತು. ಮರುದಿನ ರಜೆ. ಏಣಿ ಹತ್ತಿ ಸೀಲಿಂಗ್ ತೆಗೆದು ಫಿಲ್ಟರು, ಬ್ಲೋವರು ಎಲ್ಲ ತೊಳೆದೆ. ತಟ್ಟೆ ತೊಳೆದ ಹಾಗೆ ಫಳಫಳ ಆಯಿತು. ಮುಂದಿನ ಬಿಲ್ಲು ಇನ್ನೂ ಹೆಚ್ಚು ಬಂತು.

ಆಮೇಲೆ ನಾನು ಹಗಲು ಹೊತ್ತು ಎಸಿ ನಿಲ್ಲಿಸಿದೆ. ರಾತ್ರಿಯೂ ಒಂದು ಕೋಣೆಗೆ ಮಾತ್ರ. ವಿಚಿತ್ರವೆಂದರೆ ನಾನು ಎಷ್ಟು ಬಿಗಿ ಹಿಡಿದೆನೋ ಅಷ್ಟು ಷಡ್ಡಕನ ಬಿಲ್ಲು ಇಳಿಯಿತು. ಅವನು ಫೋನು ತೋರಿಸಿ ನಗುವಾಗ ನನಗೆ ಬೆವರಿನ ಜೊತೆ ಹೊಟ್ಟೆಯೊಳಗಿಂದ ಬೇರೊಂದು ಉರಿ ಏಳುತ್ತಿತ್ತು. ಡಿಗ್ರಿ ಅವನಿಗೆ, ಇಂಗ್ಲಿಷು ಅವನಿಗೆ, ಈಗ ಗೋಡೆಯೊಳಗಿನ ಮೀಟರೂ ಅವನ ಕಡೆಗೇ?

ಆ ಹೊತ್ತಿಗೇ ಬಕ್ರೀದಿಗೆಂದು ಮಾಮಿ ಬಂದರು. ಬ್ಯಾಗು ಎಂದಿನಂತೆ ನನ್ನ ಮನೆಗೇ ಬಂತು. ನಾನು ಸಾಧ್ಯವಾದಷ್ಟು ಎಸಿ ಹಾಕಿದೆ, ನಿಜ. ಆದರೆ ಅವರು ಕೋಣೆಯಿಂದ ಹೊರಗೆ ಬಂದರೆ ನಾನು ಹಿಂದಿನಿಂದ ಹೋಗಿ ಬಾಗಿಲು ಹಾಕುತ್ತಿದ್ದೆ. “ಮಾಮೀ, ಬಾಗಿಲು.” ನಮಾಜಿಗೆ ಎದ್ದರೆ, “ಮಾಮೀ, ಬಾಗಿಲು.” ಮೂರನೇ ದಿನ ಶೆಡ್ಡಿನಿಂದ ಬರುವಾಗ ಸೋಫಾದ ಮೇಲೆ ಅವರು ಹಗಲು ಒರಗುವ ದಿಂಬು ಇರಲಿಲ್ಲ.

“ಉಮ್ಮ ಆಚೆ ಮಲಗ್ತಾರಂತೆ,” ಎಂದಳು ಹೆಂಡತಿ, ನನ್ನ ಮುಖ ನೋಡದೆ. “ಅಲ್ಲಿ ತಂಪು ಉಂಟಲ್ಲ.”

ಎದುರು ಬಾಗಿಲು ತೆರೆದೇ ಇತ್ತು. ಒಳಗಿಂದ ತಣ್ಣನೆ ಗಾಳಿ ಕಾರಿಡಾರಿಗೆ ಬಂದು ನನ್ನ ಕಾಲಿಗೆ ತಾಗಿತು. ಅದರ ಹಿಂದೆಯೇ ಮಾಮಿಯ ದನಿಯೂ ಬಂತು. “ಮೋನೇ, ಆ ನೀರಿನ ಬಾಟಲಿ ಒಮ್ಮೆ ಕೊಡು.” ನಾನು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಒಳಗಿನಿಂದ ಷಡ್ಡಕ “ಇಗೋ, ತರ್ತೇನೆ ಮಾಮೀ” ಎಂದ.

ನಾನು ಬೂಟು ಬಿಚ್ಚದೆ ನಿಂತಿದ್ದೆ. ಬಿಲ್ಲು ಎಷ್ಟಾದರೂ ಬರಲಿ, ಕಟ್ಟಬಲ್ಲೆ. ಆ ಕರೆ ಆ ಮನೆಗೆ ಹೋದದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಮೀಟರು ಸುಳ್ಳು ಎಂದು ತೋರಿಸಿದರೆ ಎಸಿ ಹಾಕಬಹುದು, ಎಸಿ ಹಾಕಿದರೆ ಮಾಮಿ ವಾಪಸು ಬರುತ್ತಾರೆ. ನನಗೆ ದಾರಿ ಕಂಡದ್ದು ಅಷ್ಟೇ.

ಮರುದಿನವೇ ಶೆಡ್ಡು ಬಿಟ್ಟು ಕಂಪೆನಿಯ ಕೌಂಟರಿಗೆ ಹೋದೆ. ಕಂಪೆನಿ ಬದಲಾದ ದಿನ ನನ್ನ ಮೀಟರನ್ನು ತಪ್ಪು ಓದಿದ್ದಾರೆ ಎಂದೆ. ಹಳೆಯವರು ಕೊಟ್ಟ ಕೊನೆಯ ರೀಡಿಂಗೇ ನಮ್ಮ ಮೊದಲ ರೀಡಿಂಗು ಎಂದಳು ಕೌಂಟರಿನ ಹುಡುಗಿ. ಹಾಗಾದರೆ ಹಳೆಯವರದೇ ತಪ್ಪು ಎಂದೆ. ಅವಳು ನಕ್ಕು, ಶನಿವಾರ ಜನ ಕಳಿಸುತ್ತೇವೆ ಎಂದಳು.

ಷಡ್ಡಕ ಸುದ್ದಿ ಕೇಳಿ, “ಭಾವ, ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದು ಕೊಡ್ಲಾ?” ಎಂದ.

“ಬೇಡ. ನನ್ನ ಮೀಟರು ನಾನು ನೋಡಿಕೊಳ್ತೇನೆ.”

ಶನಿವಾರ ಬಂದವನು ಒಬ್ಬ ಪೇಶಾವರದ ಪಠಾಣ. ವಾಚ್‌ಮನ್ ಬೀಗ ತೆಗೆದ. ಎರಡೂ ಮನೆಯ ಬಾಗಿಲುಗಳು ತೆರೆದಿದ್ದವು. ಹೆಂಗಸರು ಹೊಸ್ತಿಲಲ್ಲಿ ನಿಂತಿದ್ದರು. ಮಾಮಿ ಎದುರು ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸಿಗಡಿ ಸುಲಿಯುತ್ತಿದ್ದರು. ಪಠಾಣ್ ಟಾರ್ಚು ಹಾಕಿ, ಕೈಯ ಮಷೀನಿನಲ್ಲಿ ನನ್ನ ಖಾತೆ ತೆಗೆದು, ಒಂದು ಮೀಟರನ್ನು ಓದಿದ.

“ಬಿಲ್ ಸಹೀ ಹೈ, ಭಾಯ್,” ಎಂದ. ಬಿಲ್ಲು ಸರಿಯಾಗಿದೆಯಂತೆ.

ನಾನು ಬಗ್ಗಿ ನೋಡಿದೆ. ಅವನು ಬೆರಳಿಟ್ಟ ಮೀಟರಿನ ಮೇಲೆ ನಾನೂರ ಎಂಟು ಎಂದು ಚೀಟಿ ಇತ್ತು.

“ಇದು ನನ್ನದಲ್ಲ. ನನ್ನದು ಏಳು. ಅಗೋ, ಆ ಬಾಗಿಲು.”

ಅವನು ನನ್ನ ಕರಾರನ್ನೇ ಮಷೀನಿನಲ್ಲಿ ತೆರೆದು ನನ್ನ ಮೂಗಿನ ಹತ್ತಿರ ಹಿಡಿದ. ನನ್ನ ಹೆಸರು, ನನ್ನ ಫೋಟೋ, ನಾನೂರ ಎಂಟು. ಪಕ್ಕದ ಏಳನೇ ಮೀಟರಿಗೆ ಟಾರ್ಚು ಬಿಟ್ಟ. ಈ ಮನೆಯಲ್ಲಿ ಯಾರೂ ಇಲ್ಲವಾ, ಮೀಟರು ಅಷ್ಟಾಗಿ ಅಲ್ಲಾಡಿಯೇ ಇಲ್ಲವಲ್ಲ ಎಂದು ಕೇಳಿದ.

ನಾನು ಆ ಮನೆಯಲ್ಲಿ ತಿಂಗಳುಗಟ್ಟಲೆ ಬೆವರಿದ್ದೆ.

ಮೊದಲು ನಕ್ಕವನು ಷಡ್ಡಕ. ಹಣೆಗೆ ಕೈ ಬಡಿದುಕೊಂಡು ಗೋಡೆಗೆ ಒರಗಿ ನಕ್ಕ. “ಯಾ ಅಲ್ಲಾ! ಭಾವ, ಚಾವಿ ಬದಲು ಮಾಡಿದ್ದೆವಲ್ಲ! ನೀವು ಆಫ್ ಮಾಡಿದ್ದಕ್ಕೇ ನನ್ನ ಬಿಲ್ಲು ಇಳಿದದ್ದು! ನನ್ನ ಎಸಿ ಓಡಿದ್ದು ನಿಮ್ಮ ಬಿಲ್ಲಿನಲ್ಲಿ!”

“ಲೆಕ್ಕದವರು ನೀವು, ನಿಮಗೂ ಗೊತ್ತಾಗಲಿಲ್ಲವಾ?” ಎಂದು ಅವನ ಹೆಂಡತಿ ಬೈದಳು.

“ಕಡಿಮೆ ಬಂದ ಬಿಲ್ಲನ್ನು ಯಾರು ಬಿಡಿಸಿ ನೋಡ್ತಾರೆ ಮಾರಾಯ್ತಿ?”

ನನಗೆ ನಗು ಬರಲಿಲ್ಲ. ಆದರೆ ಒಂದು ವಿಷಯ ತಲೆಗೆ ಹೊಳೆದು ಎದೆ ಉಬ್ಬಿತು. ನೇರವಾಗಿ ಮಾಮಿಯ ಕುರ್ಚಿಯ ಮುಂದೆ ಹೋಗಿ ನಿಂತೆ.

“ಕೇಳಿದಿರಾ ಮಾಮೀ? ನೀವು ಇಲ್ಲಿ ಮಲಗಿದ್ದೂ ನನ್ನ ತಂಪಿನಲ್ಲೇ.”

ಮಾಮಿ ಸಿಗಡಿಯಿಂದ ಕಣ್ಣೆತ್ತಲಿಲ್ಲ. “ತಂಪು ಯಾರಿಗೆ ಬೇಕಿತ್ತು? ನನಗೆ ಇವರ ಎಸಿಯಲ್ಲಿ ಮೊಣಕಾಲು ಹಿಡೀತದೆ. ಕಂಬಳಿ ಹೊದ್ದು ಮಲಗುವುದು ನಾನು.”

“ಮತ್ತೆ ಈ ಮನೆಗೆ ಯಾಕೆ ಬಂದಿರಿ?”

“ನಾನು ಎದ್ದರೆ ನೀನು ಹಿಂದೆ ಬರ್ತಿದ್ದಿ, ಬಾಗಿಲು ಬಾಗಿಲು ಅಂತ. ನನಗೇನು ನಿನ್ನ ಮನೆಯಲ್ಲಿ ಡ್ಯೂಟಿಯಾ? ಇವನಾದರೆ ಬಾಗಿಲು ತೆಗೆದಿಟ್ಟರೂ ಮಾತಾಡುವುದಿಲ್ಲ.”

ಇವನು. ‘ನೀವು’, ‘ಬನ್ನಿ’ ಎಲ್ಲ ಹೋಗಿ ಷಡ್ಡಕ ಇವನಾಗಿದ್ದ. ಪಠಾಣನಿಗೆ ನಮ್ಮ ಭಾಷೆ ತಿಳಿಯದಿದ್ದರೂ ನನ್ನ ಮುಖ ತಿಳಿಯಿತೇನೋ, ಟಾರ್ಚು ಆರಿಸಿ, “ಖಲಾಸ್?” ಎಂದ. ಖಲಾಸ್ ಎಂದೆ.

ಹೆಸರುಗಳನ್ನು ಸರಿ ಮಾಡಿಸಿದೆವು. ಆಚೆಗೆ ಹೋಗಬೇಕಾದ ಬಿಲ್ಲು ಆಚೆಗೆ, ಈಚೆಗೆ ಬರಬೇಕಾದದ್ದು ಈಚೆಗೆ ಬಂತು. ನಾನು ಎಸಿ ಹಾಕಿದೆ, ಬಾಗಿಲುಗಳನ್ನೆಲ್ಲ ಬೇಕೆಂದೇ ತೆರೆದಿಟ್ಟೆ. ಮುಂದಿನ ತಿಂಗಳು ಷಡ್ಡಕ ತನ್ನ ನಿಜವಾದ ಬಿಲ್ಲು ಕಂಡು, “ಅಬ್ಬಬ್ಬಾ!” ಎಂದು ಮತ್ತೆ ನಕ್ಕ. ಅದನ್ನೂ ನೋಡಿದೆ. ಅಷ್ಟು ದೊಡ್ಡ ಬಿಲ್ಲು ನೋಡಿ ನಗಲು ನನಗೆ ಯಾಕೆ ಬರುವುದಿಲ್ಲ? ಅವನ ಡಿಗ್ರಿಗಿಂತ ಆ ನಗುವೇ ನನ್ನ ಹೊಟ್ಟೆ ಉರಿಸುತ್ತದೆ.

ಮಾಮಿಯ ದಿಂಬು ವಾಪಸು ಬಂತು. ಪೂರ್ತಿ ಬಂತು ಎನ್ನಲಾರೆ. ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ.

ಅವರು ಊರಿಗೆ ಹೊರಡುವ ವಾರ ನಮ್ಮ ಅಡುಗೆಮನೆಯಲ್ಲಿ, ಆ ದೊಡ್ಡ ಕಿಟಕಿಯ ಕೆಳಗೆ, ಬಿರಿಯಾನಿ ಮಾಡಿದರು. ನಾನು ಹಾಲ್‌ನಲ್ಲಿದ್ದೆ. “ಮೋನೇ, ಈ ಪಾತ್ರೆ ಹಿಡಿ, ಭಾರ ಉಂಟು,” ಎಂದು ಕೂಗಿದರು. ತೆರೆದ ಬಾಗಿಲುಗಳಿಂದಾಗಿ ಆ ಕೂಗು ಎರಡೂ ಮನೆಗೆ ಕೇಳಿತು. ಷಡ್ಡಕ ಕಾರಿಡಾರ್ ದಾಟಿ ಬರುತ್ತಿರುವುದು ಕಂಡಿತು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿದೆ. ಬಟ್ಟೆ ಸುತ್ತುವಷ್ಟೂ ತಾಳ್ಮೆ ಇಲ್ಲದೆ ಪಾತ್ರೆಯ ಕಿವಿ ಹಿಡಿದು ಎತ್ತಿದೆ. ಕೈ ಸುಟ್ಟಿತು, ಬಿಡಲಿಲ್ಲ.

“ಎಲ್ಲಿ ಇಡಲಿ ಮಾಮೀ?”

“ಆಚೆ ಮನೆಯಲ್ಲಿ,” ಎಂದರು.