ಸಾಕು ಅಂದರೆ ತಿರುಗಿ ನೋಡುವವಳು

ಹೋದ ಭಾನುವಾರ ದಹಿಸರದಲ್ಲಿ, ನಮ್ಮ ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಮಗ ಡ್ಯಾನಿಯಲ್‌ನ ಮೂರನೇ ಮಗಳಿಗೆ ದೀಕ್ಷಾಸ್ನಾನ ಆಗಿ ಅರ್ಧ ತಾಸೂ ಆಗಿರಲಿಲ್ಲ. ಕೂಸಿನ ನೆತ್ತಿಯ ಕೂದಲು ಇನ್ನೂ ಹಸಿ ಇತ್ತು. ಅನ್ನದ ಆವಿ, ಮಟನ್ ಸಾರಿನ ಘಮ, ಹೆಂಗಸರ ಮುಡಿಯ ಮಲ್ಲಿಗೆ, ಎಲ್ಲ ಒಂದಾಗಿ ಮೂಗು ತುಂಬಿತ್ತು. ಆಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಹಿರಿಯರು, ಬಡಿಸುವವರಿಗೆ ಅಂಗೈ ಅಡ್ಡ ಹಿಡಿದು, "ಸಾಕು, ಸಾಕು" ಅಂದರು. ನಾನು ಕೂತಲ್ಲೇ ತಿರುಗಿ "ಏನ್ರೀ?" ಅಂದೆ. ಅವರು ನನ್ನನ್ನೂ ತಮ್ಮ ತಾಟನ್ನೂ ನೋಡಿದರು. ಪಾಪ, ಅವರಿಗೇನು ಗೊತ್ತು. ನನ್ನ ಹೆಸರೇ ಸಾಕವ್ವ. ಮನೆಯವರ ಬಾಯಲ್ಲಿ ಸಾಕು. ಮುಂಬಯಿಯಲ್ಲಿ ಬಡಿಸುವಾಗ ಎಲ್ಲರೂ "ಬಸ್, ಬಸ್" ಅನ್ನುತ್ತಾರೆ, ನನ್ನನ್ನು ಅಜ್ಜಿ, ಮಮ್ಮಿ, ಆಂಟಿ ಅನ್ನುತ್ತಾರೆ. ಕೊನೆಯ ಅಕ್ಕ ತೀರಿಹೋದ ಮೇಲೆ ಆ ಶಬ್ದದಿಂದ ನನ್ನನ್ನು ಯಾರೂ ಕರೆದೇ ಇರಲಿಲ್ಲ. ನಿಮ್ಮನ್ನೂ ಹೀಗೇ ಒಂದು ಹೆಸರಿಂದ ಕರೆಯುವ ಬಾಯಿಗಳೆಲ್ಲ ಒಂದೊಂದಾಗಿ ಮುಚ್ಚಿರಬೇಕು. ಅದಕ್ಕೇ ನಿಮ್ಮ ಮುಂದೆ ಇದನ್ನು ಹೇಳಬೇಕು ಅನ್ನಿಸಿತು.

ನಾವಿದ್ದದ್ದು ವಿಲೆ ಪಾರ್ಲೆಯಲ್ಲಿ, ವಿಮಾನ ಇಳಿಯುವ ಮೈದಾನದ ಗೋಡೆಗೆ ಬೆನ್ನು ಕೊಟ್ಟ ಝೋಪಡಿಯಲ್ಲಿ. ಅಪ್ಪ ವಿಜಾಪುರದ ಕಡೆಯವನು, ಗೌಂಡಿ. ಸಿಮೆಂಟು ಮುಟ್ಟಿ ಮುಟ್ಟಿ ಅವನ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಅವ್ವ ಅವನ ಹಿಂದೆ ಬುಟ್ಟಿ ಹೊರುತ್ತಿದ್ದಳು. ಒಲೆಗೆ ಕೆಲಸದ ಜಾಗದಿಂದ ತಂದ ಹಲಗೆಯ ಚೂರುಗಳು. ಅವಕ್ಕೆ ಹತ್ತಿದ ಸಿಮೆಂಟಿನ ವಾಸನೆ ರೊಟ್ಟಿಗೂ ಬರುತ್ತಿತ್ತು. ಆ ವಾಸನೆಯ ಜೋಳದ ರೊಟ್ಟಿ ಈಗ ಯಾರು ಕೊಡುತ್ತಾರೆ ಹೇಳಿ. ವಿಮಾನ ಬಂದರೆ ತಗಡು ಗಡಗಡ ನಡುಗುತ್ತಿತ್ತು. ಆಡುತ್ತಿದ್ದ ಮಾತನ್ನು ಅಲ್ಲೇ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದೆವು. ಮೂವರು ಅಕ್ಕಂದಿರು, ನಾಲ್ಕನೆಯವಳು ನಾನು. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದರೆ ಕಡೆಯದಕ್ಕೆ ಸಾಕವ್ವ ಅಂತ ಇಡುತ್ತಾರೆ, ಇನ್ನು ಹೆಣ್ಣು ಕಳಿಸಬೇಡಪ್ಪಾ ಅಂತ ದೇವರಿಗೆ ಹೇಳಿ ಕಳಿಸಿದ ಹಾಗೆ. ಮುಂದಿನದು ಗಂಡೇ ಆಗುತ್ತದೆ ಅಂತ ನಂಬಿಕೆ. ನನ್ನ ಹಿಂದೆ ಹೆಣ್ಣೂ ಬರಲಿಲ್ಲ, ಗಂಡೂ ಬರಲಿಲ್ಲ. ಪಕ್ಕದ ಝೋಪಡಿಯ ಭೀಮಣ್ಣ ಕಾಕಾ ಅಪ್ಪನನ್ನು ಚುಚ್ಚುತ್ತಿದ್ದ: "ತಪ್ಪು ನಿಂದ ಐತೋ ತಮ್ಮಾ. ಹೆಣ್ಣು ಸಾಕು ಅಂತ ಬಿಡಿಸಿ ಹೇಳಬೇಕಿತ್ತು. ನೀ ಬರೇ ಸಾಕು ಅಂದಿ. ದೇವರು ಅಂಗಡೀನ ಮುಚ್ಚಿಬಿಟ್ಟ." ಅಪ್ಪನೂ ನಗುತ್ತಿದ್ದ. ನಕ್ಕು ಮುಗಿದ ಮೇಲೆ ನನ್ನ ಕಡೆ ಒಂದು ಸಲ ನೋಡುತ್ತಿದ್ದ. ಹೊಡೆದವನಲ್ಲ, ಬೈದವನಲ್ಲ. ಆ ಒಂದು ನೋಟ, ಅಷ್ಟೇ. ನಲ್ಲಿಯ ಹತ್ತಿರ ಮರಾಠಿ ಹುಡುಗಿಯರು ನನ್ನ ಹೆಸರಿನ ಅರ್ಥ ಕೇಳಿ, "ಮ್ಹಣಜೇ ನಕೋಶಿ" ಅಂದಿದ್ದರು. ಬೇಡವಾದವಳು ಅಂತ. ಅವರ ಮಾತಿನಲ್ಲೂ ನನ್ನಂಥವರಿಗೆ ಹೆಸರು ತಯಾರೇ ಇತ್ತು.

ಎಲ್ಲಕ್ಕಿಂತ ಫಜೀತಿ ಊಟದ ಹೊತ್ತಿನಲ್ಲಿ. ಅವ್ವ ಬಡಿಸುವಾಗ ಅಪ್ಪ "ಸಾಕು" ಅನ್ನುತ್ತಿದ್ದ, ಮೂಲೆಯಿಂದ ನಾನು "ಏನಪ್ಪಾ?" ಅನ್ನುತ್ತಿದ್ದೆ. "ನಿನಗಲ್ಲ, ಸಾರಿಗೆ ಅಂದೆ." ದಿನಾ ಇದೇ. ಅಕ್ಕಂದಿರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೂ ಮರುದಿನ ಮತ್ತೆ ಓಗೊಡುತ್ತಿದ್ದೆ, ಯಾವತ್ತಾದರೂ ಒಂದು ದಿನ ನನ್ನನ್ನೇ ಕರೆದಿದ್ದರೆ ಅಂತ.

ನಮ್ಮ ಸಾಲಿನ ಕಡೆಯ ಮನೆಯಲ್ಲಿ ಎಸ್ತೇರಕ್ಕ ಇದ್ದಳು. ಗದಗ-ಬೆಟಗೇರಿ ಕಡೆಯ ಕ್ರಿಸ್ತರವಳು, ಆಸ್ಪತ್ರೆಯಲ್ಲಿ ಆಯಾ. ಅವ್ವ ಜ್ವರ ಬಂದು ಮಲಗಿದಾಗ ತಿಂಗಳಿಡೀ ಗಂಜಿ ತಂದು ಕುಡಿಸಿದವಳು, ಅವ್ವನ ಕೂದಲ ಸಿಕ್ಕು ಬಿಡಿಸಿದವಳು ಅವಳೇ. "ಯಾಕ ಇಷ್ಟು ಮಾಡ್ತಿ, ನಾವೇನು ನಿನ್ನ ಬಳಗಾನ?" ಅಂತ ಅವ್ವ ಕೇಳಿದರೆ, "ನನಗೂ ಒಬ್ಬಾತ ಪುಕ್ಕಟೆ ಮಾಡ್ಯಾನ, ಅದಕ್ಕ" ಅನ್ನುತ್ತಿದ್ದಳು. ಅವ್ವ ಎದ್ದು ಓಡಾಡುವಂತಾದ ಮೇಲೆ ಆ ಒಬ್ಬಾತನನ್ನು ನೋಡಬೇಕು ಅಂತ ನಮ್ಮನ್ನೂ ಕಟ್ಟಿಕೊಂಡು ಅವಳ ಹಿಂದೆ ಹೊರಟಳು. ಭಾನುವಾರ ಮಧ್ಯಾಹ್ನ ಲೋಕಲ್ ಹತ್ತಿ ಬಾಂದ್ರಾಕ್ಕೆ. ಅಲ್ಲಿ ಒಂದು ಚರ್ಚಿನಲ್ಲಿ ಇಂಗ್ಲಿಷಿನವರ ಆರಾಧನೆ ಮುಗಿದ ಮೇಲೆ ಕನ್ನಡದವರಿಗೆ ಜಾಗ ಕೊಡುತ್ತಿದ್ದರು. ಅಪ್ಪ ಬೇಡ ಅನ್ನಲಿಲ್ಲ, ಬರಲೂ ಇಲ್ಲ. ನಾನು ಶಾಲೆಗೆ ಹೋದದ್ದು ಎರಡು ವರ್ಷ, ಅದೂ ಮರಾಠಿ ಶಾಲೆ. ಕನ್ನಡ ಅಕ್ಷರ ಕಲಿತದ್ದು ಎಸ್ತೇರಕ್ಕನ ಮಗ್ಗುಲಲ್ಲಿ, ಅವಳ ವೇದಪುಸ್ತಕದ, ಅಂದರೆ ಬೈಬಲಿನ, ಸಾಲಿನ ಮೇಲೆ ಬೆರಳಿಟ್ಟು. ಈಗ ಇದನ್ನು ಬರೆಯುತ್ತಿರುವುದೂ ಅದೇ ಅಕ್ಷರ.

ನನಗೆ ಹನ್ನೊಂದು ತುಂಬಿದಾಗ ಅವ್ವನಿಗೂ ನಮಗೂ ದೀಕ್ಷಾಸ್ನಾನ ಅಂತ ಗೊತ್ತಾಯಿತು. ಬೇಕಾದವರು ಹೊಸ ಹೆಸರು ಇಟ್ಟುಕೊಳ್ಳಬಹುದು ಅಂತ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಹೇಳಿದರು. ನನಗೆ ಹಿಡಿಸಲಾರದಷ್ಟು ಖುಷಿ. ಸಾಕವ್ವನನ್ನು ನೀರಿನಲ್ಲಿ ಬಿಟ್ಟು ಲಿಲ್ಲಿ ಆಗಿ ಎದ್ದು ಬರುತ್ತೇನೆ ಅಂತ ವಾರವೆಲ್ಲ ಕುಣಿದೆ. ಎಸ್ತೇರಕ್ಕನ ಆಸ್ಪತ್ರೆಯಲ್ಲಿ ಆ ಹೆಸರಿನ ನರ್ಸ್ ಒಬ್ಬಳಿದ್ದಳು, ಅವಳಿಗೆ ಬಿಳೀ ಬೂಟು ಇದ್ದವು.

ಅದರ ಹಿಂದಿನ ಭಾನುವಾರ ನಾನು ಎಲ್ಲರಿಗಿಂತ ಮುಂದೆ, ಚಾಪೆಯ ಮೇಲೆ ಕೂತು ತೂಕಡಿಸುತ್ತಿದ್ದೆ. ಅಯ್ಯನವರು ವಾಕ್ಯ ಓದುತ್ತಿದ್ದರು. ಒಬ್ಬ ಭಕ್ತ ತನ್ನ ಮೈಯಲ್ಲಿ ನಾಟಿದ ಮುಳ್ಳು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡನಂತೆ. ದೇವರು ಮುಳ್ಳು ತೆಗೆಯಲಿಲ್ಲವಂತೆ, ನನ್ನ ಕೃಪೆ ಇದೆಯಲ್ಲ, ನಿನಗೆ ಅದೇ ಸಾಕು ಅಂದನಂತೆ. ಆ ಕಡೆಯ ಶಬ್ದ ಕಿವಿಗೆ ಬಿದ್ದದ್ದೇ ನಾನು ದಡಕ್ಕನೆ ಎದ್ದು ನಿಂತು "ಏನ್ರೀ?" ಅಂದೆ. ಚರ್ಚ್ ತುಂಬ ನಗು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಯ್ಯನವರು ನಗಲಿಲ್ಲ.

"ಯಾಕವ್ವಾ ಎದ್ದಿ?"

"ನೀವು ಕರದ್ರಿ."

"ನಿನ್ನ ಹೆಸರೇನು?"

ಹೇಳಿದೆ. ಹೇಳುವಾಗ ಕುತ್ತಿಗೆ ಬಗ್ಗಿಸಿದ್ದೆ. ಅವರು ಕೈಮಾಡಿ ಕರೆದು, ಪುಸ್ತಕವನ್ನು ನನ್ನ ಎತ್ತರಕ್ಕೆ ಇಳಿಸಿ, ಓದು ಅಂದರು. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ಸಾಲಿನ ಕೊನೆಗೆ ಸಾ, ಆಮೇಲೆ ಕು. ಅದು ನಾನೇ. ದೇವರ ಬಾಯಿಂದ ಬಂದ ಮಾತಿನಲ್ಲಿ ನಾನು ಕೂತಿದ್ದೆ. "ನೋಡವ್ವಾ," ಅಂದರು ಅಯ್ಯನವರು ಮೆಲ್ಲಗೆ, "ಬ್ಯಾಡಾದಾಗ ಅನ್ನೋ ಸಾಕು ಬ್ಯಾರೆ. ಹೊಟ್ಟಿ ತುಂಬಿದಾಗ ಅನ್ನೋ ಸಾಕು ಬ್ಯಾರೆ. ದೇವರು ಅಂದದ್ದು ಎರಡನೇದು. ನಿನಗ ಯಾವುದು ಬೇಕೋ ಅದನ್ನ ಇಟ್ಕೋ."

ಮುಂದಿನ ವಾರ ಅಕ್ಕಂದಿರು ಮೂವರೂ ಹೊಸ ಹೆಸರು ಪಡೆದರು. ನನ್ನ ಸರದಿ ಬಂತು. ಲಿಲ್ಲಿ ಅಂತ ಚೀಟಿಯಲ್ಲಿ ಬರೆದಾಗಿತ್ತು. ನಾನು ತಲೆ ಎತ್ತಿ, "ಸಾಕವ್ವ" ಅಂದೆ. ಅಯ್ಯನವರು ಚೀಟಿಯನ್ನು ಕಿಸೆಗೆ ಹಾಕಿಕೊಂಡು, ಅದೇ ಹೆಸರು ಹಿಡಿದು ನೀರು ಹಾಕಿದರು. ಕಣ್ಣೊಳಗೆ ನೀರು ಇಳಿದು ಎಲ್ಲ ಮಸುಕಾಗಿತ್ತು. ಒರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಅಪ್ಪ. ಚಪ್ಪಲಿ ಕೈಯಲ್ಲಿ ಹಿಡಿದು, ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದ. ಯಾವ ಲೋಕಲ್ ಹಿಡಿದು ಬಂದಿದ್ದನೋ.

ಅವತ್ತು ಸಂಜೆ ಅವ್ವ ಸಾರು ಬಡಿಸುತ್ತಿದ್ದಳು. ಅಪ್ಪ ಅಂಗೈ ಅಡ್ಡ ಹಿಡಿದು "ಸಾಕು" ಅಂದ. ನಾನು ರೂಢಿಯಂತೆ "ಏನಪ್ಪಾ?" ಅಂದೆ. ಅಕ್ಕಂದಿರು ನಗಲು ಕಾದಿದ್ದರು. ಮೇಲೊಂದು ವಿಮಾನ ಬಂತು, ತಗಡು ನಡುಗಿತು, ಅದು ದಾಟುವ ತನಕ ಅಪ್ಪ ನನ್ನನ್ನೇ ನೋಡಿದ. ಆಮೇಲೆ, "ನಿನಗೇ ಅಂದೆ. ಬಾ, ಇಲ್ಲಿ ಕುಂಡ್ರು" ಅಂದು ತಾಟನ್ನು ಸರಿಸಿ ಜಾಗ ಮಾಡಿದ. ರೊಟ್ಟಿ ಮುರಿದು ಕೊಟ್ಟ. ನಾನು ಅವನ ತಾಟಿನಲ್ಲಿ ಉಂಡೆ. ಅಪ್ಪ ಕಡೆಯ ತನಕ ಚರ್ಚಿನ ಹೊಸ್ತಿಲು ದಾಟಲಿಲ್ಲ, ಆದರೆ ಆ ನೋಟ ಮತ್ತೆ ಬರಲಿಲ್ಲ.

ಆ ಝೋಪಡಿ ಈಗಿಲ್ಲ. ವಿಮಾನದ ಮೈದಾನದ ಗೋಡೆ ಮುಂದೆ ಬಂತು, ನಾವು ಚದುರಿದೆವು. ಎಸ್ತೇರಕ್ಕ, ಅವ್ವ, ಅಪ್ಪ, ಅಕ್ಕಂದಿರು, ಎಲ್ಲರೂ ನನ್ನನ್ನು ಬಿಟ್ಟು ಹೋಗಿಯಾಯಿತು. ನನ್ನ ಹೆಸರೂ ನನ್ನ ಜೊತೆಗೇ ಮಣ್ಣು ಸೇರುತ್ತದೆ ಅಂದುಕೊಂಡಿದ್ದೆ.

ಐದು ತಿಂಗಳ ಹಿಂದೆ ಸೊಸೆ ಸುನೀತಾ ಹೆತ್ತಳು. ಮರಾಠಿ ಕ್ರಿಸ್ತರ ಮನೆಯ ಹುಡುಗಿ, ಕನ್ನಡ ಬಾರದು. ನೋಡಲು ಬಂದ ಅವಳ ಮೌಶಿ, ಅಂದರೆ ಚಿಕ್ಕವ್ವ, ಕೂಸಿನ ಬಟ್ಟೆ ಸರಿಸಿ ನೋಡಿ, "ತಿಸರೀ ಪಣ ಮುಲಗೀಚ? ಆತಾ ಪುರೇ" ಅಂದಳು. ಮೂರನೆಯದೂ ಹೆಣ್ಣೇ, ಇನ್ನು ಸಾಕು ಅಂತ. ಸುನೀತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಯಾವ ಭಾಷೆಯಲ್ಲಿ ಅಂದರೇನು, ಆ ಶಬ್ದ ನನಗೆ ಗೊತ್ತಾಗುವುದಿಲ್ಲವೆ? ಮೌಶಿ ಹೋದ ಮೇಲೆ ಅವಳ ಮಂಚದ ಮೇಲೆ ಕೂತು, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ, ನಿಮಗೆ ಹೇಳಿದ ಈ ಕಥೆಯನ್ನೇ ಹೇಳಿದೆ. ಅವಳು ಕೂಸನ್ನು ಎತ್ತಿ ಮೊಲೆಗೆ ಹಾಕಿಕೊಂಡಳು. ಹೊಟ್ಟೆ ತುಂಬಿ ಕೂಸು ತಾನೇ ಬಾಯಿ ಬಿಟ್ಟಾಗ ನನ್ನ ಕಡೆ ನೋಡಿ, "ಮಮ್ಮಿ, ಹೇ ದುಸರಂ ವಾಲಂ ನಾ?" ಅಂದಳು. ಇದು ಎರಡನೇದು, ಅಲ್ವಾ?

ಹೋದ ಭಾನುವಾರ ಪಾಸ್ಟರ್ ನೀರಿನ ಬೋಗುಣಿಯ ಮುಂದೆ ಕೂಸನ್ನು ಎತ್ತಿಕೊಂಡು ಹೆಸರು ಕೇಳಿದರು. ಡ್ಯಾನಿಯಲ್ ಬಾಯಿ ತೆರೆಯುವ ಮೊದಲೇ ಸುನೀತಾ, ನಾಲಿಗೆ ತಡವರಿಸುತ್ತ, "ಕೃಪಾ ಸಾಕು" ಅಂದಳು. ತಪ್ಪು ಕೇಳಿಸಿತೇನೋ ಅಂತ ಪಾಸ್ಟರ್ ಇನ್ನೊಂದು ಸಲ ಕೇಳಿದರು. ಅವಳು ಇನ್ನೊಂದು ಸಲ, ಈಗ ಜೋರಾಗಿ ಅಂದಳು. ನನ್ನ ಕಾಲು ನೆಲದ ಮೇಲಿತ್ತೋ ಇಲ್ಲವೋ ನಾನು ಹೇಳಲಾರೆ. ಬೇಡ ಅಂತ ಇಟ್ಟ ಹೆಸರನ್ನು ಒಬ್ಬಳು ತಾಯಿ ಬೇಕು ಅಂತ ಕೇಳಿ ಪಡೆದಳು.

ಊಟದ ಕೊನೆಗೆ ಪಾಯಸ ಬಂತು. ಹಿಂದಿನ ಸಾಲಿನ ಅದೇ ಹಿರಿಯರು ಮತ್ತೆ "ಸಾಕು, ಸಾಕು" ಅಂದರು. ಹಳೇ ರೂಢಿ, ನನ್ನ ಕುತ್ತಿಗೆ ತಿರುಗತೊಡಗಿತ್ತು. ಅಷ್ಟರಲ್ಲಿ ಸೊಸೆಯ ಹೆಗಲ ಮೇಲಿದ್ದ ಕೂಸು ಹಸಿ ತಲೆಯನ್ನು ಎತ್ತಿ, ದನಿ ಬಂದ ಕಡೆ ನೋಡಿತು. ನಾನು ಮುಂದಕ್ಕೆ ತಿರುಗಿ, ತಾಟು ಹತ್ತಿರ ಎಳೆದುಕೊಂಡು, ಪಾಯಸ ಉಂಡೆ.