ಅಂಬೋಲಿಯ ಗಾಳಿ, ನಮ್ಮ ಅಡುಗೆಮನೆಯ ಹೊಗೆ

ಎಂಟು ದಿನ ಗುಡ್ಡ ಹತ್ತಿ, ತೂಕ ಹೆಚ್ಚಿಸಿಕೊಂಡು ಬಂದವರನ್ನು ನೋಡಿದ್ದೀರಾ? ಇಲ್ಲವಾದರೆ ಹುಕ್ಕೇರಿಗೆ ಬನ್ನಿ. ಕಚೇರಿಯಲ್ಲಿ ಫೈಲುಗಳ ಹಿಂದೆ ಏದುಸಿರು ಬಿಡುತ್ತ ಕೂತಿರುವ ಗುಮಾಸ್ತ ನಾನೇ.

ದೀಪಾವಳಿಗೆ ಮುಂಚೆ ನಾಲ್ಕು ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುತ್ತಿತ್ತು. ಗೋಕಾಕದ ಡಾಕ್ಟರು ಎದೆಗೆ ಸ್ಟೆಥಾಸ್ಕೋಪ್ ಇಟ್ಟವರೇ ಗದರಿದರು. "ಗುಳಗಿ ಕೊಡೂದಿಲ್ರಿ. ರಜಾದಾಗ ಅಂಬೋಲಿಗೆ ಹೋಗ್ರಿ. ದಿನಾ ಗುಡ್ಡ ಹತ್ರಿ, ಇಳೀರಿ. ಉಸಿರು ಸುಧಾರಿಸಲಿಲ್ಲಂದ್ರ ಸಿಹಿ, ತುಪ್ಪ ಎಲ್ಲಾ ಬಂದ್!"

ಸಿಹಿ ಬಂದ್ ಆದ ಮೇಲೆ ಬದುಕಿ ಏನು ಮಾಡುವುದು? ಹೊರಟೆವು. ಹೆಂಡತಿ ಶಾಂತಾಳ ಕೆಮ್ಮೂ ಜೊತೆಗೇ ಹೊರಟಿತು. (ಆ ಕೆಮ್ಮಿಗೆ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ. ಗೋಡೆ ಗಡಿಯಾರದ ಸದ್ದು ಮನೆಯವರಿಗೆ ಕೇಳಿಸುತ್ತದೆಯೇ?)

ನಮ್ಮ ಕಡೆಯವರು ಬುತ್ತಿ ಇಲ್ಲದೆ ಊರ ಗಡಿ ದಾಟುವವರಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಗೋಕಾಕದ ಕರದಂಟು, ಎಲ್ಲವೂ ಎಂಟು ದಿನಕ್ಕಾಗುವಷ್ಟು! ನಾವು ಇಳಿದುಕೊಂಡ ಧರ್ಮಶಾಲೆಯಲ್ಲಿ ಒಲೆ ಹಚ್ಚುವ ಮಾತೇ ಇರಲಿಲ್ಲ. ಬೆಳಿಗ್ಗೆ ಎದ್ದು ಗುಡ್ಡ ಹತ್ತುವುದು, ಮೇಲೆ ಕೂತು ಗಂಟು ಬಿಚ್ಚುವುದು. ಒಂದು ಏರಿಗೆ ಒಂದು ಕರದಂಟು ಎಂದು ನಾನೇ ಕಾನೂನು ಮಾಡಿಕೊಂಡೆ. ಇಳಿಯುವಾಗ ಕಾಲು ನಡುಗಬಾರದಲ್ಲ, ಅದಕ್ಕೆ ಇನ್ನೊಂದು.

ಐದನೆಯ ದಿನ ಅರ್ಧ ದಾರಿಯಲ್ಲೇ ಒಂದು ಬಂಡೆಯ ಮೇಲೆ ಕುಸಿದು ಕೂತೆ. ಮೇಲಿನಿಂದ ಶಾಂತಾ ಕೂಗಿದಳು, "ಲಗೂನ ಬರ್ರೀ! ಕೊಳ್ಳ ಏನ್ ಚಂದ ಕಾಣಾಕತ್ತೈತಿ!"

ಅಷ್ಟು ಎತ್ತರದಿಂದ, ಒಂದೇ ಉಸಿರಿನಲ್ಲಿ! ನನಗೆ ಗಾಬರಿಯೇ ಆಯಿತು.

"ಏ, ನಿನ್ನ ಕೆಮ್ಮು ಎಲ್ಲಿ ಹೋತು?"

"ನನಗೂ ನೆನಪ ಆಗಿಲ್ಲ ನೋಡ್ರಿ!" ಎಂದು ಹುಡುಗಿಯಂತೆ ನಕ್ಕಳು. ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಬಹಳ ಸಂತೋಷವಾಯಿತು.

ಊರಿಗೆ ಬಂದು ಡಾಕ್ಟರರ ತಕ್ಕಡಿ ಹತ್ತಿದೆ. ಮೂರು ಪೌಂಡ್ ಹೆಚ್ಚು, ಏದುಸಿರು ಹಾಗೇ! ಸಿಹಿ ಬಂದ್.

ಸಿಟ್ಟಿನಿಂದ ಅಂದೆ, "ಗುಡ್ಡದ ಗಾಳಿ ನಮ್ಮ ಮನಿಯಾಕಿಗಷ್ಟ ಹಿಡಿಸಿತ್ರಿ. ಅಲ್ಲಿ ಕೆಮ್ಮ ಇರಲಿಲ್ಲ. ಮನಿಗೆ ಬಂದು ಒಲಿ ಹಚ್ಚೂದ ತಡ, ಮತ್ತ ಸುರು!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಡಗಿಮನ್ಯಾಗ ಹೊಗಿ ಹೋಗಾಕ ಬೆಳಕಿಂಡಿ ಐತೇನ್ರಿ?"

ಇತ್ತು. ಅಡುಗೆಮನೆಯ ಮೇಲಿನ ಮಣ್ಣಿನ ಮಾಳಿಗೆಯಲ್ಲಿ ಚೆನ್ನಾದ ಬೆಳಕಿಂಡಿಯೇ ಇತ್ತು. ಮಳೆಗಾಲದಲ್ಲಿ ಸೋರುತ್ತದೆಂದು ಕಲ್ಲಿಟ್ಟು, ಮಣ್ಣು ಮೆತ್ತಿಸಿ, ಕಾಯಂ ಮುಚ್ಚಿಸಿದವನು ಯಾರು? ನಾನೇ. ಯಾವಾಗ? ಹನ್ನೆರಡು ವರ್ಷದ ಹಿಂದೆ.

ಮರುದಿನ ಬೆಳಿಗ್ಗೆಯೇ ಏಣಿ ಇಟ್ಟು, ಹಾರೆ ಹಿಡಿದು ಮಾಳಿಗೆ ಏರಿದೆ. ಮಣ್ಣು ಕಿತ್ತು ಕಲ್ಲು ಸರಿಸಿದ ಕೂಡಲೇ ಹೊಗೆ ಬುಸ್ಸೆಂದು ನನ್ನ ಮುಖಕ್ಕೇ ಬಡಿಯಿತು. ಅದರ ಹಿಂದೆಯೇ ಶಾಂತಾಳ ದನಿ: "ಸಾವಕಾಶ್ರೀ, ತೇಕಾಕತ್ತೀರಿ!"

ತೇಕಿದರೆ ತೇಕಿದೆ, ಬಿಡಿ. ಆದರೆ ನೀವೇ ಹೇಳಿ, ಒಂದು ಏಣಿ ಹತ್ತುವ ಬುದ್ಧಿ ಬರಲು ನಾನು ಅಂಬೋಲಿಯವರೆಗೆ ಹೋಗಬೇಕಿತ್ತೇ?