ಹೊಸ ಚೈನ್ ಹಾಕಿದ ಭಾನುವಾರ

ಭಾವ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಹದಿನೆಂಟು ವರ್ಷ ತಗಡು ಒತ್ತಿದವರು. ಆ ಕೆಲಸದಲ್ಲಿ ಬೆರಳು ಹೋಗುವುದು ಹೊಸತಲ್ಲ. ಅದಕ್ಕೇ ಸಂಜೆ ಲಗ್ಗೆರೆಯ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಅಕ್ಕ ಒಲೆಯ ಮುಂದಿನಿಂದಲೇ ತಿರುಗಿ, "ಹತ್ತೂ ಅವೆ, ಒಳಗ್ ಬನ್ನಿ" ಅನ್ನುತ್ತಿದ್ದಳು. ನಾನು ಅವರ ಜೊತೆ ಇರಲು ಬಂದ ಮೇಲೆ ಇದು ಒಂದು ದಿನವೂ ತಪ್ಪಿದ್ದು ನೋಡಿಲ್ಲ.

ಆ ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಅವರ ಬೈಕಿಗೆ ಚೈನ್ ಸೆಟ್ ಬದಲಾಯಿಸಲು ಕುಳಿತೆವು. ಚೈನ್ ಜೋತುಬಿದ್ದಿತ್ತು, ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಒಂದೇ ಕಡೆಗೆ ಬಾಗಿದ್ದವು. ನಾನು ಹೊಸ ಚೈನನ್ನು ಎರಡು ಬೆರಳಲ್ಲಿ ಎತ್ತಿದೆ.

"ಏನ್ ಬಾಮೈದ, ಗ್ರೀಸ್ ಮೆತ್ಕೊಂಡ್ರೆ ಹೆಣ್ಣು ಕೊಡಲ್ಲ ಅಂತಾರಾ?"

"ಕೊಡೋರಿದ್ದಿದ್ರೆ ಭಾನುವಾರ ನಿಮ್ ಜೊತೆ ಯಾಕ್ ಕೂರ್ತಿದ್ದೆ ಭಾವ?"

ಅವರು ಜೋರಾಗಿ ನಕ್ಕರು. ಚೈನಿನ ಲಾಕನ್ನು ಎರಡು ಸಲ ಮುಟ್ಟಿ ನೋಡಿದರು. ಚೈನ್ ಕವರ್ ಇನ್ನೂ ಹಾಕಿರಲಿಲ್ಲ. ಗಾಡಿ ಡಬಲ್ ಸ್ಟ್ಯಾಂಡಿನ ಮೇಲಿತ್ತು, ಹಿಂದಿನ ಚಕ್ರ ನೆಲ ಮುಟ್ಟಿರಲಿಲ್ಲ.

"ಸ್ಟಾರ್ಟ್ ಮಾಡಿ ಗೇರ್ ಹಾಕು. ಹೆಂಗ್ ಓಡ್ತದೆ ನೋಡಾಣ."

ಸೀಟಿನ ಮೇಲೆ ಕುಳಿತು ಗೇರ್ ಹಾಕಿದೆ. ಚಕ್ರ ತಿರುಗಿತು. ಹೊಸ ಚೈನಿನ ಗ್ರೀಸ್ ಸಿಡಿಯತೊಡಗಿತು. ಅದನ್ನು ಒರೆಸಲು ಭಾವ ಹಳೇ ಬನಿಯನ್ ತುಂಡನ್ನು ಕೆಳಗಿನ ಚೈನಿಗೆ ಹಿಡಿದರು. ಕೆಳಗಿನ ಚೈನು ಓಡುವುದು ಹಿಂದಿನ ಹಲ್ಲುಗಳ ಕಡೆಗೇ. ಓಡುವ ಮೆಷಿನ್ನಿಗೆ ಬಟ್ಟೆ ಹಿಡಿದವರನ್ನು ಫ್ಯಾಕ್ಟರಿಯಲ್ಲಿ ಅವರೇ ಬೈಯುತ್ತಿದ್ದರು. ನಾನು ನೋಡಿದೆ. ಅವರಿಗೆ ಗೊತ್ತಿರುತ್ತದೆ ಅಂದುಕೊಂಡೆ.

ಮೊದಲು ಬಟ್ಟೆ ಹೋಯಿತು. ಅವರು ಕೂಗಲಿಲ್ಲ, "ಆಫ್" ಎಂದರು, ಅಷ್ಟೇ. ನನ್ನ ಕೈ ಮೊದಲು ಕ್ಲಚ್ಚಿಗೆ ಹೋಯಿತು, ಆಮೇಲೆ ಕೀಗೆ. ನಡುವೆ ಎಷ್ಟು ಹೊತ್ತಾಯಿತೋ ಹೇಳಲಾರೆ. ಚಕ್ರ ಇನ್ನೊಂದು ಸುತ್ತಾದರೂ ತಿರುಗಿತ್ತು.

ಬಲಗೈಯ ತೋರುಬೆರಳು, ನಡುಬೆರಳು, ಎರಡೂ ನಡುಗಂಟಿನಿಂದ ಹೋದವು. ಆ ಹೊತ್ತಿನಲ್ಲಿ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದ ಅಕ್ಕ, ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಕೇಳಿದಳು: "ಗೇರ್ ಹಾಕಿದ್ದು ಯಾರು?"

ಮಂಚದಿಂದ ಭಾವ ಹೇಳಿದರು: "ನಾನೇ ಕಣೆ. ಅವ್ನು ನೀರ್ ಕುಡಿಯಾಕೆ ಒಳಗ್ ಹೋಗಿದ್ದ."

ನಾನು ಔಷಧಿ ಚೀಟಿ ತೆಗೆದುಕೊಂಡು ಹೊರಗೆ ಹೋದೆ.

ಈಗ ಭಾವ ಪ್ರೆಸ್ಸಿನಲ್ಲಿಲ್ಲ, ಪ್ಯಾಕಿಂಗಿನಲ್ಲಿ ಕೂರಿಸಿದ್ದಾರೆ. ಅದೇ ಬೈಕಿನಲ್ಲಿ ನಾನೇ ಬಿಟ್ಟು, ಕರೆತರುತ್ತೇನೆ. ಹಿಂದೆ ಕುಳಿತು ಬಲಗೈಯನ್ನು ನನ್ನ ಭುಜದ ಮೇಲಿಡುತ್ತಾರೆ. ಮನೆ ಬಂದಾಗ ಆ ಕೈ ಜೇಬಿಗೆ ಹೋಗುತ್ತದೆ. ಅಕ್ಕ ಒಲೆಯ ಮುಂದಿನಿಂದ ತಿರುಗುವುದಿಲ್ಲ.

ಹೋದ ವಾರ ಭಾವ ಸ್ನಾನಕ್ಕೆ ಹೋದಾಗ ಹೇಳಿಯೇಬಿಟ್ಟೆ: "ಅಕ್ಕಾ, ಅವತ್ತು ನಾನು ಒಳಗಿರ್ಲಿಲ್ಲ."

ಅವಳು ಸಾರಿಗೆ ಉಪ್ಪು ಹಾಕಿ ಕಲಕಿದಳು.

"ತಾರಸಿಯಿಂದ ಕಾಣ್ತಿತ್ತು ಕಣೋ. ಆಸ್ಪತ್ರೇಲಿ ನಾನು ಕೇಳಿದ್ದು ಅವ್ರನ್ನಲ್ಲ, ನಿನ್ನ."